ಅಳಿಯನ ವಾಚಿನ ಮುರಿದ ಕೊಂಬು

ನನ್ನ ಎಡಹುಬ್ಬಿನಲ್ಲಿ ಒಂದು ಗೀರು ಇದೆ. ಅಲ್ಲಿ ಕೂದಲು ಹುಟ್ಟುವುದಿಲ್ಲ. ನೋಡಿದವರು ಚಿಕ್ಕವಳಿದ್ದಾಗ ಎಲ್ಲೋ ಬಿದ್ದಿರಬೇಕು ಅಂದುಕೊಳ್ಳುತ್ತಾರೆ, ನಾನೂ ಹೂಂ ಅನ್ನುತ್ತೇನೆ. ಒಂದು ವಾಚು ಬಂದು ಬಡಿದದ್ದು ಅಂದರೆ ಜನ ಮೊದಲು ಏನು ಕೇಳುತ್ತಾರೆ ಗೊತ್ತೇ? ಯಾವ ವಾಚು, ಅಂತ. ನಾನು ಸುಮ್ಮನೆ ಹೇಳುತ್ತಿಲ್ಲ. ನನ್ನ ಗಂಡ, ಅವರಮ್ಮ, ಕೊನೆಗೆ ನನ್ನನ್ನು ಹೆತ್ತ ಅಪ್ಪ, ಎಲ್ಲರೂ ಅದನ್ನೇ ಕೇಳಿದವರು.

ನಮ್ಮದು ತುಮಕೂರು ಕಡೆ. ಅಪ್ಪ ಬ್ಯಾಂಕಿನಲ್ಲಿ ಆಫೀಸರು. ನಾನು ಕಾಲೇಜಿನಲ್ಲಿದ್ದಾಗ ಅವರಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದರು, ಹಾಗಾಗಿ ಆ ಊರಿಗೆ ಬಂದದ್ದು ನಾವಿಬ್ಬರೇ. ಬೆಳಿಗ್ಗೆ ಅವರಿಗೆ ಡಬ್ಬಿ ಕಟ್ಟಿ ಕಳಿಸಿ ನಾನು ಕಾಲೇಜಿಗೆ ಓಡುತ್ತಿದ್ದೆ. ಭಾನುವಾರ ಇಬ್ಬರೂ ಸಮುದ್ರದ ದಂಡೆಗೆ ಹೋಗಿ ಹಡಗು ನೋಡುತ್ತಿದ್ದೆವು. ಅಪ್ಪ ಯಾವುದಕ್ಕೂ ದನಿ ಏರಿಸಿದವರಲ್ಲ. ಕಳ್ಳನೋಟನ್ನು ಬೆರಳು ತಾಗಿಸಿಯೇ ಹಿಡಿಯುತ್ತಾರೆ ಅಂತ ಬ್ರಾಂಚಿನಲ್ಲಿ ಅವರಿಗೆ ಹೆಸರಿತ್ತು, ಆ ಹೆಸರಿನ ಮೇಲೆ ಅವರಿಗೆ ವಿಪರೀತ ಮೋಹವೂ ಇತ್ತು.

ಎಂಬತ್ತರ ದಶಕದ ಕೊನೆಯಲ್ಲಿ ವಿಜಯವಾಡದಿಂದ ಒಂದು ಸಂಬಂಧ ಬಂತು. ಎರಡು ತಲೆಮಾರಿನಿಂದ ಅಲ್ಲೇ ನೆಲೆಸಿದ ಮನೆ, ತಂದೆಯ ಕಡೆ ಕನ್ನಡ, ತಾಯಿಯ ಕಡೆ ತೆಲುಗು. ಹುಡುಗನಿಗೆ ಗವರ್ನರ್‌ಪೇಟೆಯಲ್ಲಿ ಔಷಧಿ ಅಂಗಡಿ. ತಂದೆ ಇಲ್ಲ, ತಾಯಿಯದೇ ಆಡಳಿತ. ಆಕೆ ಹೆಚ್ಚೇನೂ ಕೇಳಲಿಲ್ಲ. ಹುಡುಗನ ಕೈಗೆ ಒಂದು ಫಾರಿನ್ ವಾಚು ಕಟ್ಟಿಬಿಡಿ, ಹೇಗೂ ಬಂದರಿನ ಊರಲ್ಲಿದ್ದೀರಿ, ಅಂದರಂತೆ. ಆಗ ಫಾರಿನ್ ವಾಚು ಅಂದರೆ ಜನಕ್ಕೆ ಹುಚ್ಚು. ಅಂಗಿಯ ತೋಳನ್ನು ಬೇಕೆಂದೇ ಮೇಲಕ್ಕೆ ಸರಿಸಿಕೊಂಡು ಓಡಾಡುವ ಕಾಲ.

ಅಪ್ಪ ಅದನ್ನು ತಂದದ್ದು ಬಂದರಿನ ಹತ್ತಿರದ ಒಬ್ಬ ವ್ಯಾಪಾರಿಯಿಂದ. ಹಡಗಿನಿಂದ ಇಳಿದದ್ದು ಅಂತ ಅವನು ಆಣೆ ಮಾಡಿದನಂತೆ. ನನಗೆ ಅನುಮಾನ ಬಂದು, ಯಾರಿಗಾದರೂ ತೋರಿಸಬಾರದೇ ಅಂದೆ. ಅಪ್ಪ ನಕ್ಕುಬಿಟ್ಟರು. ಆ ಮನುಷ್ಯ ನಮ್ಮ ಬ್ರಾಂಚಿನ ಗಿರಾಕಿ, ಇಷ್ಟು ವರ್ಷದಲ್ಲಿ ಒಂದು ಚೆಕ್ಕೂ ವಾಪಸು ಬಂದಿಲ್ಲ, ಅಂಥವನು ವಾಚಿನಲ್ಲಿ ಸುಳ್ಳು ಹೇಳುತ್ತಾನಾ ಅಂದರು. ಬ್ಯಾಂಕಿನವರ ತಲೆ ಓಡುವುದೇ ಹೀಗೆ. ಖಾತೆ ನೆಟ್ಟಗಿದ್ದರೆ ಮನುಷ್ಯ ನೆಟ್ಟಗಿದ್ದಾನೆ ಅಂತ ಲೆಕ್ಕ. ಮದುವೆ ಮಂಟಪದಲ್ಲಿ ಅಪ್ಪನೇ ಅಳಿಯನ ಕೈಗೆ ಅದನ್ನು ಕಟ್ಟಿದರು. ದಪ್ಪನೆಯ ಬಾಡಿ, ಕಣ್ಣು ಕುಕ್ಕುವ ಹೊಳಪು. ಬಂದವರೆಲ್ಲ ಹುಡುಗಿಯನ್ನು ಬಿಟ್ಟು ಅದನ್ನೇ ನೋಡಿದರು.

ಗಂಡನ ಮನೆಯ ಮೊದಲ ವರ್ಷದ ಬಗ್ಗೆ ಹೇಳಲು ಹೋದರೆ ನನ್ನ ಬಾಯಿಯೇ ಕೆಡುತ್ತದೆ. ಆ ಮನುಷ್ಯನಿಗೆ ಕೋಪ ಮೂಗಿನ ತುದಿಯಲ್ಲಿ. ಕೋಪ ಬಂದಾಗ ಕೈಗೆ ಸಿಕ್ಕಿದ್ದು ಹಾರುತ್ತಿತ್ತು: ಲೋಟ, ಚಪ್ಪಲಿ, ಬೀಗದ ಕೈ. ಅತ್ತೆ ಪಕ್ಕದಲ್ಲೇ ಕೂತು ಹೂ ಕಟ್ಟುತ್ತಿದ್ದರು. ಎಲ್ಲ ಮುಗಿದ ಮೇಲೆ, ನೀನು ಅವನ ಎದುರು ನಿಲ್ಲಬಾರದಿತ್ತು ಅನ್ನುತ್ತಿದ್ದರು, ಅಷ್ಟೇ. ಎಲ್ಲಿ ನಿಲ್ಲಬೇಕಿತ್ತು ಅಂತ ಯಾವತ್ತೂ ಹೇಳಲಿಲ್ಲ.

ಅವತ್ತು ಬೇಸಿಗೆಯ ಮಧ್ಯಾಹ್ನ. ವಿಜಯವಾಡದ ಬೇಸಿಗೆ ಗೊತ್ತಿದ್ದವರಿಗೆ ನಾನೇನೂ ಹೇಳಬೇಕಿಲ್ಲ. ಊಟಕ್ಕೆ ಕೂತಾಗ ಅವರು ವಾಚು ಬಿಚ್ಚಿ ತಟ್ಟೆಯ ಪಕ್ಕ ಇಡುತ್ತಿದ್ದರು. ಅನ್ನ ಮೆತ್ತಗಾಗಿತ್ತು. ಒಂದು ತುತ್ತು ಕಲಸಿ ನೋಡಿ, ಕೈಗೆ ಸಿಕ್ಕಿದ್ದನ್ನು ಬೀಸಿದರು. ಸಿಕ್ಕಿದ್ದು ವಾಚು. ಅದು ನನ್ನ ಹುಬ್ಬಿಗೆ ಬಡಿದು, ಕೈ ತೊಳೆಯುವ ಬಚ್ಚಲಿನ ಕಲ್ಲಂಚಿಗೆ ಬಿತ್ತು. ಕಣ್ಣಿಗೆ ರಕ್ತ ಇಳಿದು ನನಗೆ ಒಂದು ಕಡೆ ಏನೂ ಕಾಣಲಿಲ್ಲ. ಇನ್ನೊಂದು ಕಣ್ಣಿನಲ್ಲಿ ಕಂಡದ್ದು ಇಷ್ಟು: ಗಂಡ ಎಂಜಲು ಕೈಯಲ್ಲೇ ಎದ್ದು ಓಡಿಬಂದರು, ನನ್ನನ್ನು ದಾಟಿ ಹೋದರು, ಬಗ್ಗಿ ವಾಚು ಎತ್ತಿ ಕಿವಿಗೆ ಇಟ್ಟುಕೊಂಡರು.

ವಾಚು ನಡೆಯುತ್ತಿತ್ತು. ಆದರೆ ಪಟ್ಟಿಯನ್ನು ಹಿಡಿದುಕೊಳ್ಳುವ ನಾಲ್ಕು ಕೊಂಬುಗಳಲ್ಲಿ ಒಂದು ಮುರಿದಿತ್ತು. ಅತ್ತೆ ನನ್ನ ಹುಬ್ಬಿಗೆ ಒಂದು ಹಿಡಿ ಕಾಫಿಪುಡಿ ಒತ್ತಿದರು, ಒತ್ತುತ್ತಲೇ ಕತ್ತು ತಿರುಗಿಸಿ ವಾಚಿನ ಕಡೆ ನೋಡಿದರು. ಫಾರಿನ್ ಸಾಮಾನು ಹೀಗೆ ಮುರಿಯುತ್ತಾ ಅಂದರು. ಅಲ್ಲಿಂದ ಶುರುವಾಯಿತು ನೋಡಿ. ಎಸೆದದ್ದು ಯಾಕೆ ಅನ್ನುವ ಮಾತು ಆ ಮನೆಯಲ್ಲಿ ಏಳಲೇ ಇಲ್ಲ. ಮುರಿದದ್ದು ಯಾಕೆ ಅನ್ನುವುದೊಂದೇ ಮಾತು. ಸಂಜೆಯ ಹೊತ್ತಿಗೆ ನನ್ನಪ್ಪ ಮೋಸಗಾರನಾಗಿದ್ದರು, ಅವರ ಮಗಳಾದ ನಾನು ಮೋಸದ ಸಾಮಾನಾಗಿದ್ದೆ.

ಮೂಲೆಗೆ ಸಿಡಿದಿದ್ದ ಆ ಕೊಂಬಿನ ತುಂಡು ನನಗೆ ಕಸ ಗುಡಿಸುವಾಗ ಸಿಕ್ಕಿತು. ಜೋಳದ ಕಾಳಿಗಿಂತ ದೊಡ್ಡದಲ್ಲ. ಹೊರಗೆ ಹೊಳಪು, ಮುರಿದ ಬಾಯಿಯಲ್ಲಿ ಮಾತ್ರ ಬೂದುಬಣ್ಣ, ಒಡೆದ ಕಲ್ಲುಸಕ್ಕರೆಯ ಹಾಗೆ ಹರಳು ಹರಳು. ಬಚ್ಚಲಿಗೆ ಕೊಚ್ಚಿಕೊಂಡು ಹೋಗಿರಬೇಕು ಅಂತ ಅವರೆಲ್ಲ ಅಂದುಕೊಂಡಿದ್ದರು. ನಾನು ಬಾಯಿಬಿಡಲಿಲ್ಲ. ನನಗೆ ಬಡಿದದ್ದು, ನನ್ನ ಹತ್ತಿರವೇ ಇರಲಿ ಅಂತ ಕುಂಕುಮದ ಭರಣಿಗೆ ಹಾಕಿಟ್ಟೆ.

ಹಳೇ ಪೇಟೆಯಾದ ವನ್ ಟೌನಿನ ಒಂದು ಸಂದಿಯಲ್ಲಿ ವಾಚಿನ ಬಾಡಿ ಕೆಲಸ ಮಾತ್ರ ಮಾಡುವವನೊಬ್ಬನಿದ್ದ. ತಗ್ಗು ಎತ್ತುವುದು, ಕೊಂಬು ಕೂರಿಸುವುದು, ಹೊಳಪು ಕೊಡುವುದು. ಊರಿನ ಅರ್ಧ ಡೂಪ್ಲಿಕೇಟ್ ಬಾಡಿಗಳನ್ನು ಎರಕ ಹೊಯ್ಯುವವನೂ ಅವನೇ ಅಂತ ಎಲ್ಲರಿಗೂ ಗೊತ್ತಿತ್ತು, ಅವನೂ ಮುಚ್ಚಿಡುತ್ತಿರಲಿಲ್ಲ. ತಾಯಿ ಮಗ ಇಬ್ಬರೂ ವಾಚನ್ನು ಅವನ ಹತ್ತಿರ ಒಯ್ದರು. ಮದುವೆ ವಾಚು ಅಂತ ಕೇಳಿದ್ದೇ ಅವನು, ಅಸಲಿಯೋ ನಕಲಿಯೋ ತಾನು ಹೇಳುವುದಿಲ್ಲ ಅಂದನಂತೆ. ಮದುವೆ ವಾಚಿನ ವಿಷಯದಲ್ಲಿ ಬಾಯಿಬಿಡಬಾರದು ಅನ್ನುವುದು ಅವರ ಕಸುಬಿನವರು ಇಟ್ಟುಕೊಂಡ ಪದ್ಧತಿ. ಹೇಳಿದರೆ ಸಂಸಾರ ಒಡೆಯುತ್ತದೆ, ಬೈಗುಳ ಅಂಗಡಿಗೆ ಬರುತ್ತದೆ. ಮೆಷಿನ್ ತೆಗೆದಿಟ್ಟು ಬರೀ ಬಾಡಿಯನ್ನು ಬೆಂಕಿಗೆ ಹಿಡಿದು ಹೊಸ ಕೊಂಬು ಬೆಸೆಯುತ್ತೇನೆ, ಅಸಲಿ ಉಕ್ಕಾದರೆ ನಿಲ್ಲುತ್ತದೆ, ಡೂಪ್ಲಿಕೇಟ್ ಆದರೆ ನೀರಾಗುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ, ಕೊಟ್ಟವರನ್ನು ಕರೆದುಕೊಂಡು ಬಂದು ಎದುರಿಗೇ ಮಾಡಿಸಿ ಅಂದನಂತೆ.

ಅಪ್ಪನಿಗೆ ಕರೆ ಹೋಯಿತು. ಬ್ಯಾಂಕಿಗೆ ಫೋನು ಮಾಡಿ, ಮಗಳ ವಿಷಯ ಮಾತಾಡಬೇಕು ಅಂದರಂತೆ. ಜೀವ ಕೈಯಲ್ಲಿ ಹಿಡಿದುಕೊಂಡು ಅಪ್ಪ ರೈಲು ಹತ್ತಿ ಬಂದರು. ಬಾಗಿಲಲ್ಲಿ ನನ್ನ ಹಣೆಯ ಪಟ್ಟಿ ನೋಡಿ, ಏನಾಯಿತು ಅಂತ ಕೇಳಿದರು. ಅತ್ತೆ ಒಳಗಿನಿಂದಲೇ, ಬಚ್ಚಲಲ್ಲಿ ಜಾರಿದಳು ಅಂದರು. ನಾನು ಅಪ್ಪನ ಮುಖವನ್ನೇ ನೋಡುತ್ತಾ ನಿಂತೆ. ಒಂದು ಸಲ ಇವರು ನನ್ನ ಕಣ್ಣಿಗೆ ಕಣ್ಣು ಕೊಡಲಿ, ಸಾಕು, ಇವರಿಗೆ ಗೊತ್ತಾಗುತ್ತದೆ ಅಂತ. ಒದ್ದೆ ನೆಲದಲ್ಲಿ ಹುಷಾರಾಗಿ ನಡೀಬೇಕಮ್ಮ ಅಂದು ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋದರು.

ಅಲ್ಲಿ ಅವರಿಗೆ ವಾಚು ತೋರಿಸಿದರು. ತೆಲುಗಿನ ಹೆಂಗಸರು ಬೀಗರನ್ನು ಅಣ್ಣ ಅಂತ ಕರೆಯುವುದು ವಾಡಿಕೆ. ಅತ್ತೆ ಹಾಗೆ ಕರೆದೇ ಅಪ್ಪನ ಮರ್ಯಾದೆ ತೆಗೆದರು.

"ಅಣ್ಣಯ್ಯಗಾರೂ, ಬೆಂಕಿಗಿಟ್ಟಾಗ ನಿಂತ್ರೆ ನಾವು ಬಾಯಿ ಮುಚ್ಕೊಂಡು ಇರ್ತೀವಿ. ಕರಗಿದ್ರೆ, ವಾಚಿನ ಜೊತೆ ನಿಮ್ಮ ಹುಡುಗೀನೂ ಕರ್ಕೊಂಡು ಹೊರಟುಬಿಡಿ."

ಹೇಳಿದವರೇ ಇಂದ್ರಕೀಲಾದ್ರಿ ಬೆಟ್ಟದ ಕಡೆ ತಿರುಗಿ ಅಲ್ಲಿನ ಗುಡಿಯ ಅಮ್ಮನವರಿಗೆ ಕೈಮುಗಿದರು. ಗಂಡ ಉಗುರು ನೋಡಿಕೊಳ್ಳುತ್ತಿದ್ದರು. ಅಪ್ಪನ ಮುಖ ಸುಣ್ಣವಾಯಿತು. ನನಗೋ, ಸುಳ್ಳು ಯಾಕೆ, ಒಳಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕರಗಲಿ ದೇವರೇ, ಇವತ್ತೇ ಕರಗಲಿ ಅಂದುಕೊಂಡೆ. ಆ ಮನೆಯಿಂದ ಹೊರಗೆ ಹೋಗಲು ನನಗೆ ಬೇರೆ ದಾರಿಯೇ ಕಂಡಿರಲಿಲ್ಲ. ಈಗ ಅವರ ಬಾಯಿಯಿಂದಲೇ ಬಾಗಿಲು ತೆರೆದಿತ್ತು. ತುಂಡಿನ ಒಳಗಿನ ಆ ಬೂದು ಹರಳು ನಾನು ನೋಡಿದ್ದೆ. ಅದು ಉಕ್ಕಲ್ಲ ಅಂತ ತಿಳಿಯಲು ಕಸುಬಿನವರೇ ಆಗಬೇಕಿಲ್ಲ. ಇವತ್ತೋ ನಾಳೆಯೋ ನಾನು ಅಪ್ಪನ ಜೊತೆ ರೈಲಿನಲ್ಲಿ ಕೂತಿರುತ್ತೇನೆ, ಭಾನುವಾರ ಹಡಗು ನೋಡುತ್ತೇನೆ ಅಂತ ಲೆಕ್ಕ ಹಾಕಿಬಿಟ್ಟೆ.

ಅಪ್ಪ ಮುರಿದ ಬಾಡಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೆರಳ ತುದಿಯಿಂದ ಮುರಿದ ಜಾಗ ಸವರಿದರು. ನೋಟು ಸವರುತ್ತಿದ್ದದ್ದೂ ಹಾಗೆಯೇ. ಆಮೇಲೆ, ಕೊಟ್ಟ ಅಂಗಡಿಯವನಿಗೆ ಒಂದು ಸಲ ತೋರಿಸಿಕೊಂಡು ಬರುತ್ತೇನೆ, ಮುಂದಿನ ವಾರ ಎಲ್ಲರ ಎದುರಿಗೆ ಬೆಂಕಿಗೆ ಇಡೋಣ ಅಂದರು. ಅತ್ತೆ ಎಂಥ ಸೂಕ್ಷ್ಮದ ಹೆಂಗಸು! ಸಾಸಿವೆ ಡಬ್ಬಿಯಲ್ಲಿ ಎಷ್ಟಿದೆ ಅಂತ ಕಣ್ಣಳತೆಯಲ್ಲಿ ಹೇಳುವವರು. ಅಂಥವರು ಎದುರು ಮಾತಾಡದೆ, ಆಗಲಿ ಅಣ್ಣಯ್ಯಗಾರೂ, ತಗೊಂಡು ಹೋಗಿ ಅಂದರು. ನನಗೆ ಆಗ ಆಶ್ಚರ್ಯವಾಗಬೇಕಿತ್ತು. ನನ್ನ ತಲೆ ರೈಲಿನಲ್ಲಿತ್ತು.

ಮುಂದಿನ ವಾರ ಅಪ್ಪ ಬಂದರು. ನಾವು ನಾಲ್ಕೂ ಜನ ವನ್ ಟೌನಿಗೆ ಹೋದೆವು. ನಾನು ತುಂಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಕರಗಿದ ಕೂಡಲೇ ಅದನ್ನೂ ಅವರ ಮುಂದೆ ಒಗೆದು ಹೋಗೋಣ ಅಂತ. ರಿಪೇರಿಯವನು ಸಂದಿಯಲ್ಲಿ ಬೆಂಚು ಹಾಕಿಸಿ ನಮ್ಮನ್ನು ಕೂರಿಸಿದ. ಅಪ್ಪ ಕರವಸ್ತ್ರ ಬಿಚ್ಚಿ ವಾಚು ಕೊಟ್ಟರು. ರಿಪೇರಿಯವನು ಹಿಂದಿನ ಮುಚ್ಚಳ ತೆಗೆದು, ಮೆಷಿನ್ ಹೊರಗೆ ಜಾರಿಸಿ ಒಂದು ಗಾಜಿನ ಲೋಟದ ಕೆಳಗೆ ಮುಚ್ಚಿಟ್ಟ. ಬರೀ ಬಾಡಿಯನ್ನು ಇಕ್ಕಳದಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದ. ಆಗ ನನಗೂ ಕಾಣಿಸಿತು.

ಕೊಂಬು ಹೋದದ್ದು ಅದೇ ಜಾಗದಲ್ಲಿ, ಸರಿ. ಆದರೆ ಆ ಜಾಗ ಬೂದುಬಣ್ಣ ಇರಲಿಲ್ಲ, ಹರಳು ಇರಲಿಲ್ಲ. ಬೆಳ್ಳಗೆ ಹೊಳೆಯುತ್ತಿತ್ತು, ಗರಗಸ ಎಳೆದ ಗೆರೆಗಳು ಕಾಣುತ್ತಿದ್ದವು. ಹಳೆಯದರ ಗಾಜಿನ ಸುತ್ತಿನ ಸಂದಿಯಲ್ಲಿ ನನ್ನ ರಕ್ತ ಕಪ್ಪಗೆ ಹೆಪ್ಪುಗಟ್ಟಿ ಕೂತಿತ್ತು, ಅದೂ ಇರಲಿಲ್ಲ. ಕಲ್ಲಂಚು ತಾಗಿ ಆಗಿದ್ದ ತಗ್ಗೂ ಇರಲಿಲ್ಲ. ಇದು ಬೇರೆ ವಾಚು. ಅಪ್ಪ ಎಲ್ಲಿಂದಲೋ ಅಸಲಿಯನ್ನೇ ಹುಡುಕಿ ತಂದಿದ್ದರು, ಅದರ ಒಳ್ಳೆಯ ಕೊಂಬನ್ನು ಕತ್ತರಿಸಿ ತಂದಿದ್ದರು.

ರಿಪೇರಿಯವನೂ ನೋಡಿದ. ಅವನು ಹಳೆಯದನ್ನು ಕೈಯಲ್ಲಿ ಹಿಡಿದಿದ್ದವನು, ಅವನಿಗೆ ತಿಳಿಯದೆ ಇರುತ್ತದೆಯೇ? ತುಟಿ ಎರಡು ಮಾಡಲಿಲ್ಲ, ಅವನ ಪದ್ಧತಿ ಅವನಿಗೆ. ಅಂಗಡಿಗೆ ಬಂದವರನ್ನೆಲ್ಲ ಕೇಳುವ ಹಾಗೆ, ಮುರಿದ ತುಂಡು ಇದೆಯಾ, ಇದ್ದರೆ ಅದನ್ನೇ ಕೂರಿಸುತ್ತೇನೆ ಅಂತ ತೆಲುಗಿನಲ್ಲಿ ಕೇಳಿದ. ಎಲ್ಲರೂ ನನ್ನ ಕಡೆ ತಿರುಗಿದರು. ಮನೆ ಗುಡಿಸುವವಳು ನಾನೇ ತಾನೇ. ಅಪ್ಪನೂ ತಿರುಗಿದರು. ಹುಬ್ಬಿಗೆ ಬಡಿದ ದಿನದಿಂದ ನಾನು ಕಾಯುತ್ತಿದ್ದದ್ದು ಅದಕ್ಕೇ, ಅವರು ನನ್ನ ಕಣ್ಣಿಗೆ ಕಣ್ಣು ಕೊಡಲಿ ಅಂತ. ಈಗ ಕೊಟ್ಟರು. ಹಣೆಯಲ್ಲಿ ಬೆವರು ಸಾಲಾಗಿ ನಿಂತಿತ್ತು. ಕಳ್ಳನೋಟು ಹಿಡಿಯುವ ಮನುಷ್ಯ, ತಾನೇ ಕಳ್ಳನೋಟು ದಾಟಿಸಲು ಬಂದವನ ಹಾಗೆ ನನ್ನ ಎದುರು ಕೂತಿದ್ದರು.

ಸೊಂಟದ ಗಂಟು ಬಿಚ್ಚಿ ಬೆಂಚಿನ ಮೇಲೆ ಇಟ್ಟರೆ ಸಾಕಿತ್ತು. ತುಂಡು ಒಂದು ಲೋಹ, ಬಾಡಿ ಇನ್ನೊಂದು ಅಂತ ಕುರುಡನಿಗೂ ಕಾಣುತ್ತಿತ್ತು. ನಾನು ಅವತ್ತೇ ಸಂಜೆಯ ರೈಲಿನಲ್ಲಿ ಇರುತ್ತಿದ್ದೆ. ಆದರೆ ಈ ತಾಯಿ ಮಗನ ಮುಂದೆ, ಆ ಸಂದಿಯಲ್ಲಿ, ನನ್ನ ಕೈಯಾರೆ ಅಪ್ಪನ ಬಟ್ಟೆ ಬಿಚ್ಚಬೇಕಿತ್ತು.

"ಇಲ್ಲ" ಅಂದೆ.

ಅವನು ಒಂದು ಚೂರು ಉಕ್ಕನ್ನು ಅರದಿಂದ ಉಜ್ಜಿ ಕೊಂಬು ಮಾಡಿದ. ಬೆಸುಗೆ ಹಿಡಿಯಲಿ ಅಂತ ಬಿಳಿಗಾರ ಹಚ್ಚಿದ. ಊದುಗೊಳವೆಯಿಂದ ಬೆಂಕಿಯನ್ನು ಚೂಪು ಮಾಡಿ ಬಾಡಿಯ ಮೇಲೆ ಬಿಟ್ಟ. ಬಾಡಿ ಕಂದುಬಣ್ಣವಾಯಿತು, ನೀಲಿಯಾಯಿತು, ಕೆಂಡದ ಹಾಗೆ ಕೆಂಪಾಯಿತು. ನಿಂತಿತು. ಬೆಸುಗೆಯ ಬೆಳ್ಳಿ ಹರಿದು ಸಂದು ತುಂಬಿತು. ತಣ್ಣಗಾದ ಮೇಲೆ ಕಪ್ಪು ಉಜ್ಜಿ, ಹೊಳಪು ಕೊಟ್ಟು, ಮೆಷಿನ್ ಕೂರಿಸಿ ಕೊಟ್ಟ. ಅಪ್ಪ ಅದನ್ನು ತೆಗೆದುಕೊಂಡು ಅಳಿಯನ ಕೈ ಹಿಡಿದು, ಮಂಟಪದಲ್ಲಿ ಕಟ್ಟಿದ ಹಾಗೆಯೇ ಕಟ್ಟಿದರು. ನೋಡಿದ್ರಲ್ಲ, ನಮ್ಮ ಮನೆಯಿಂದ ನಕಲಿ ಬರಲ್ಲ ಅಂದರು. ದನಿ ಗಟ್ಟಿಯಾಗಿತ್ತು. ಸ್ಟೇಷನ್ನಿಗೆ ಆಟೋ ಹತ್ತುವಾಗ ನನ್ನ ತಲೆ ಸವರಿ, ಹೊಂದಿಕೊಂಡು ಹೋಗಮ್ಮ ಅಂದರು. ಗೆದ್ದ ಖುಷಿಗೆ ಆಟೋದವನ ಹತ್ತಿರ ಚೌಕಾಶಿಯನ್ನೂ ಮಾಡಲಿಲ್ಲ.

ಮನೆಗೆ ನಡೆದು ಹೋಗುವಾಗ ಗಂಡ ತೋಳು ಮೇಲೆ ಸರಿಸಿಕೊಂಡು ಮುಂದೆ ಮುಂದೆ ಹೋದರು. ಅತ್ತೆ ನನ್ನ ಪಕ್ಕ ಬಂದರು. ಬಹಳ ಮೃದುವಾಗಿ ಮಾತಾಡಿದರು, ಆ ಮನೆಯಲ್ಲಿ ಅಷ್ಟು ಮೃದುವಾಗಿ ಯಾರೂ ನನ್ನ ಹತ್ತಿರ ಮಾತಾಡಿರಲಿಲ್ಲ.

"ನಿಮ್ಮಪ್ಪ ಬದಲಾಯಿಸಿ ತಂದ್ರು ಕಣಮ್ಮ. ನಂಗೆ ಕಣ್ಣಿಲ್ವಾ? ಬರಲಿ ಅಂತಾನೇ ಕೊಟ್ಟು ಕಳಿಸಿದ್ದು. ಒಳ್ಳೇ ವಾಚು ಬಂತು. ನಿನ್ನ ಕರ್ಕೊಂಡು ಹೋಗೋ ಮನಸ್ಸಿದ್ದಿದ್ರೆ ಅವರು ವಾಚು ಯಾಕೆ ತಗೊಂಡು ಹೋಗ್ತಿದ್ರು, ನೀನೇ ಹೇಳು."

ಮನೆಗೆ ಹೋಗಿ ಅನ್ನಕ್ಕೆ ನೀರಿಟ್ಟೆ. ಅವತ್ತು ನೀರು ಕಡಿಮೆ ಇಟ್ಟೆ.

ಆಮೇಲಿನ ವರ್ಷಗಳನ್ನು ಬಿಡಿಸಿ ಹೇಳುವ ತಾಳ್ಮೆ ನನಗಿಲ್ಲ. ವಾಚನ್ನು ಅವರು ಮತ್ತೆಂದೂ ಎಸೆಯಲಿಲ್ಲ, ಅದು ಬೆಲೆಯುಳ್ಳದ್ದು. ಬೇರೆಯದನ್ನೆಲ್ಲ ಎಸೆದರು. ಕೊನೆಗೆ ಒಂದು ಬೆಳಿಗ್ಗೆ, ಕೈ ಮುರಿದು ಕಟ್ಟು ಹಾಕಿಸಿಕೊಂಡಿದ್ದಾಗ, ನಾನೇ ಆಸ್ಪತ್ರೆಯಿಂದ ನೇರ ಸ್ಟೇಷನ್ನಿಗೆ ಹೋದೆ. ಯಾರೂ ಕರೆಯಲು ಬಂದಿರಲಿಲ್ಲ. ಕೈಚೀಲದಲ್ಲಿ ಒಂದು ಸೀರೆ, ಕುಂಕುಮದ ಭರಣಿ. ಬಾಗಿಲು ತೆಗೆದ ಅಪ್ಪ ನನ್ನ ಹಿಂದೆ ಇಣುಕಿ, ಅಳಿಯಂದ್ರು ಬರಲಿಲ್ವಾ ಅಂತ ಕೇಳಿದರು.

ಅಪ್ಪ ರಿಟೈರಾದ ಮೇಲೆ ನಾವು ವಿಶಾಖಪಟ್ಟಣದ ಅಂಚಿನ ಮಧುರವಾಡದಲ್ಲಿ ಒಂದು ಸಣ್ಣ ಮನೆ ಮಾಡಿದೆವು. ಆಗ ಅಲ್ಲಿ ಗುಡ್ಡ, ಗೋಡಂಬಿ ತೋಪು, ಅಲ್ಲೊಂದು ಇಲ್ಲೊಂದು ಹೊಸ ಮನೆ. ನಾನು ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಒಂದು ರಜೆಯ ದಿನ, ಕರ್ನಾಟಕದಿಂದ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರು ಅಪ್ಪನನ್ನು ನೋಡಲು ಬಂದರು. ಅವರ ಮಗಳಿಗೆ ಗಂಡು ಗೊತ್ತಾಗಿತ್ತಂತೆ. ನಾನು ಅಡುಗೆಮನೆಯಲ್ಲಿ ಸಾರು ಕುದಿಸುತ್ತಿದ್ದೆ. ಅಪ್ಪನ ದನಿ ಕೇಳಿಸಿತು. ಕೊಡೋದು ಅಸಲಿನೇ ಕೊಡಿ ಸಾರ್, ನಾನು ಅಳಿಯನಿಗೆ ಕೊಟ್ಟ ವಾಚನ್ನ ಎಲ್ಲರ ಎದುರಿಗೆ ಬೆಂಕಿಗೆ ಇಡಿಸಿದ್ದೆ, ಕೂದಲೂ ಕೊಂಕಲಿಲ್ಲ ಅನ್ನುತ್ತಿದ್ದರು. ಬಂದವರು ಭೇಷ್ ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. ಆ ಕಥೆ ಅವರು ಮೊದಲ ಸಲ ಹೇಳಿದ್ದಲ್ಲ. ಹೇಳಿ ಹೇಳಿ ಅವರೇ ನಂಬಿಬಿಟ್ಟಿದ್ದರು.

ಬಂದವರು ಹೋದ ಮೇಲೆ ಅಪ್ಪನನ್ನು ಅಡುಗೆಮನೆಗೆ ಕರೆದೆ. ಭರಣಿಯ ತಳದಿಂದ ತುಂಡು ತೆಗೆದು, ಕುಂಕುಮ ಒರೆಸಿ, ಕಬ್ಬಿಣದ ಒಗ್ಗರಣೆ ಸೌಟಿನಲ್ಲಿ ಹಾಕಿ ಗ್ಯಾಸ್ ಮೇಲೆ ಇಟ್ಟೆ. ಉರಿ ಜೋರು ಮಾಡಿದೆ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಬಗ್ಗಿದರು. ತುಂಡು ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಮೂಲೆ ಬಾಗಿತು, ಕುಸಿಯಿತು, ಹೊರಗಿನ ಹೊಳಪು ಸಿಪ್ಪೆಯಾಗಿ ಬಿಟ್ಟಿತು, ಒಳಗಿನದು ಬೂದು ನೀರಾಗಿ ಸೌಟಿನ ತಳದಲ್ಲಿ ಹರಡಿತು. ಇಷ್ಟು ವರ್ಷ ಇದನ್ನು ನೋಡಲಿ ಅಂತ ಕಾದಿದ್ದೆ ನಾನು. ನೋಡಲಿ ಮುದುಕ, ಚೆನ್ನಾಗಿ ನೋಡಲಿ ಅಂದುಕೊಂಡೆ.

ಅದು ಏನು ಅಂತ ಅವರು ಕೇಳಲಿಲ್ಲ. ಯಾವತ್ತಿನಿಂದ ನಿನ್ನ ಹತ್ತಿರ ಇತ್ತು ಅಂತ ಕೇಳಿದರು. ಮುರಿದ ದಿನದಿಂದ ಅಂದೆ. ಅಂಗಡಿಯಲ್ಲಿ ಕೂತಾಗಲೂ ಸೆರಗಿನಲ್ಲೇ ಇತ್ತು ಅಂದೆ. ಅಪ್ಪ ಕನ್ನಡಕ ತೆಗೆದು ಒರೆಸಿ, ತಪ್ಪು ಮಾಡಿದ ಮಗುವನ್ನು ಕೇಳುವ ಹಾಗೆ ಕೇಳಿದರು:

"ಮತ್ತೆ ಅವನು ಕೇಳ್ದಾಗ ಯಾಕಮ್ಮ ಇಲ್ಲ ಅಂದೆ? ಕೊಟ್ಟುಬಿಟ್ಟಿದ್ರೆ ಅವತ್ತೇ ನಿನ್ನ ಕರ್ಕೊಂಡು ಬಂದುಬಿಡ್ತಿದ್ನಲ್ಲ."

ನಾನು ಗ್ಯಾಸ್ ಆರಿಸಿದೆ. ತಟ್ಟೆ ಹಾಕಿದೆ, ಅನ್ನ ಬಡಿಸಿದೆ, ಸಾರು ಬಿಟ್ಟೆ. ಅಪ್ಪ ಕಲಸಿಕೊಂಡು ಒಂದು ತುತ್ತು ಬಾಯಿಗಿಟ್ಟು ನನ್ನ ಕಡೆ ನೋಡಿದರು. ಸಾರಿಗೆ ಒಗ್ಗರಣೆ ಹಾಕಿಲ್ವಾ ಅಂದರು.

ಸೌಟು ಖಾಲಿ ಇಲ್ಲ ಅಂದೆ.